ನೀಲಿ ನೇರಳೆಯಾಗದ ಹಾಗೆ

ಕೌಲ್ ಬಜಾರಿನ ನನ್ನ ಅಂಗಡಿಗೆ ನಾಗವೇಣಕ್ಕ ಬಂದಾಗ
ಕೈಯಲ್ಲಿ ಗೇಣುದ್ದ ಜೀನ್ಸ್ ತುಂಡು, ಹಿಂದೆ ಗಾದಿಲಿಂಗ,
ಅವನ ಹಿಂದೆ, ರಸ್ತೆಗೆ ಅಡ್ಡ, ಹಳೆಯ ಎಸ್ಟೀಮು.
ಬಿಳಿ ಬಳಿಸಿ ತಿಂಗಳಾಯಿತು ಅಂದ. ಒಳ್ಳೇದಾಯಿತು.
ಹಸಿ ಬಣ್ಣದ ಮೇಲೆ ಫಿಲ್ಮು ಗುಳ್ಳೆ ಏಳುತ್ತದೆ.

“ಇದೇ ನೀಲಿ ಬೇಕು” ಅಂದಳು ಅಕ್ಕ.
ಹನ್ನೆರಡು ಮಷಿನ್ನಿನ ಹೊಲಿಗೆ ಮನೆ ಅವಳದು,
ಪೆಟ್ರೋಲು, ಟೈರು, ಎಂಟ್ರಿ ಫೀಸು ಅವಳದು,
ಬಾನೆಟ್ಟಿನ ಮೇಲಿನ ಹೆಸರೂ.

ಗಾದಿಲಿಂಗ ರೇಟು ಕೇಳಿದ.
ಅಗ್ಗದ ರೋಲು ತೋರಿಸಿ ನಾನೇ ಬೇಡ ಅಂದೆ.
“ಒಂದೇ ರೇಸು ಐತಣ್ಣ, ಒಂದೇ ದಿನ!”
ಒಂದು ದಿನ ಹೌದು. ಮೇ ತಿಂಗಳ ಒಂದು ದಿನ.
ಬಳ್ಳಾರಿ ಬಿಸಿಲಲ್ಲಿ ಬಾನೆಟ್ಟಿನ ಮೇಲೆ ಕೈಯಿಟ್ಟು
ಹತ್ತು ಎಣಿಸು, ರೋಲು ಪುಕ್ಕಟೆ.

ಕೇಳು, ಅಂದೆ. ಇದನ್ನು
ಉರುಳೆಗಳ ನಡುವೆ ಹಿಂಡಿ, ಎಳೆದು, ಹಾಳೆ ಮಾಡಿದ್ದಾರೆ.
ಎಳೆದದ್ದನ್ನು ಇದು ಮರೆಯುವುದಿಲ್ಲ.
ಬಂಪರಿನ ತಿರುವಿಗೆ ಕಾಯಿಸಿ ಕೂರಿಸು, ಕೂರುತ್ತದೆ;
ಬಿಸಿಲೇರಿದಂತೆ ತವರು ನೆನಪಾಗಿ
ಅಂಚಿನಿಂದ ಹಿಂದಕ್ಕೆ ಸರಿಯುತ್ತದೆ.
ಇನ್ನೊಂದು, ಹೊಯ್ದು ಆರಿಸಿದ್ದು, ಪೇಪರ್ ದೋಸೆಯಷ್ಟು ತೆಳು.
ಯಾರೂ ಎಳೆದಿಲ್ಲ, ಅದಕ್ಕೆ ನೆನಪೂ ಇಲ್ಲ.
ಹೇಳಿದ ಕಡೆ ಕೂತುಬಿಡುತ್ತದೆ. ರೇಟು ಮಾತ್ರ ಮೂರು ಪಟ್ಟು.

ಅಕ್ಕ ನಕ್ಕಳು. “ನಮ್ಮಲ್ಲೂ ಹಂಗೇ.
ನೀರು ಕಾಣದ ಬಟ್ಟೆ ಹೊಲಿದರೆ
ಮೊದಲ ಒಗೆತಕ್ಕೇ ಮೊಣಕಾಲಿಗೆ ಬರತೈತೆ.”

ಚಪ್ಪಟೆ ಬಾಗಿಲಿಗೆ ಅಗ್ಗದ್ದು,
ಬಂಪರು, ಬಾನೆಟ್ಟಿಗೆ ದುಬಾರಿಯದು ಎಂದಾಯಿತು.
ಇಬ್ಬರಿಗೂ ತುಸು ತುಸು ಸಿಟ್ಟು ಉಳಿಯಿತು.

ನಿಜವಾದ ಜಗಳ ನೀಲಿಯದು.
ಪರದೆಯ ಮೇಲೆ ಅಚ್ಚ ಜೀನ್ಸ್,
ಮಷಿನ್ನಿನಿಂದ ಹೊರಬಂದರೆ ನೇರಳೆ, ಬದನೆಕಾಯಿ ನೇರಳೆ.
ಎಂಬತ್ತಿದ್ದ ಮೆಜೆಂಟಾ ಎಪ್ಪತ್ತಕ್ಕಿಳಿಸಿದೆ, ಅರವತ್ತಕ್ಕೆ,
ಐವತ್ತೆಂಟಕ್ಕೆ. ಪ್ರತಿ ಸಲ ಅಂಗೈಯಗಲದ ಒಂದು ಪಟ್ಟಿ.
ಅಗ್ಗದ ರೋಲಿನ ಬಿಳಿಯಲ್ಲಿ ಕೊಂಚ ಹಳದಿ,
ಬಾಗಿಲಿಗೊಂದು ಪ್ರೊಫೈಲು, ಬಂಪರಿಗೊಂದು.
ಟ್ಯೂಬ್‌ಲೈಟಿನ ಕೆಳಗೆ ಅಕ್ಕ ನೋಡಲೊಲ್ಲಳು:
“ರೇಸು ಟ್ಯೂಬ್‌ಲೈಟ್‌ನಾಗ ನಡೀತೈತೇನು?”
ಹೊರಗೆ, ಮಟಮಟ ಮಧ್ಯಾಹ್ನ, ಜೀನ್ಸ್ ತುಂಡಿನ ಪಕ್ಕ ಹಿಡಿದು
ಆರನೆಯ ಪಟ್ಟಿಗೆ ತಲೆಯಾಡಿಸಿದಳು.

ಹದಿನಾರು ಪಾಸು ಹಾಕಿದೆ. ಎಂಟು ಸಾಕಿತ್ತು.
ಫ್ಲೆಕ್ಸಿಗೆ ನಾಲ್ಕೇ ಸಾಕು, ಹುಟ್ಟುಹಬ್ಬದ ಮುಖಗಳಿಗೆ
ಎರಡು ದಿನದ ಆಯುಸ್ಸು.
ರಾತ್ರಿಯಿಡೀ ಹೆಡ್ಡು ಆ ಕಡೆ ಈ ಕಡೆ,
ಸಾಲ್ವೆಂಟಿನ ವಾಸನೆ, ಸ್ಟೂಲಿನ ಮೇಲೆ ನಾನು,
ಕರೆಂಟು ಹೋಗದಿರಲಿ ಎಂದು
ಯಾವ ದೇವರಿಗೆ ಹೇಳಬೇಕೋ ತಿಳಿಯದೆ.

ಬೆಳಕಾಗುತ್ತಲೇ ಗಾದಿಲಿಂಗ ಹಾಜರು.
ಮುಟ್ಟಿ, “ಒಣಗೈತೆ” ಅಂದ.
ಬೆರಳಿಗೆ ಒಣಗಿದೆ. ಒಳಗೆ ಇಲ್ಲ.
ಎರಡು ದಿನ ಬಿಚ್ಚಿಟ್ಟು ಉಸಿರು ಬಿಡಲಿ;
ಈಗಲೇ ಲ್ಯಾಮಿನೇಶನ್ ಹೊದಿಸಿದರೆ
ಸಿಕ್ಕಿಬಿದ್ದ ಹಬೆ ಕೆಳಗಿಳಿದು ಅಂಟನ್ನೇ ತಿನ್ನುತ್ತದೆ.
ದಿನಕ್ಕೆ ನಾಲ್ಕು ಸಲ ಬಂದ,
ಚಹಾ ಕುಡಿದ, ಕೈ ಹಿಂದೆ ಕಟ್ಟಿಕೊಂಡು ನೋಡಿದ, ಹೋದ.

ಭಾನುವಾರ. ಊರ ಹೊರಗೆ,
ಕೆಲಸ ನಿಂತ ಅದಿರಿನ ಯಾರ್ಡಿನಲ್ಲಿ ಟ್ರ್ಯಾಕು.
ಮೊದಲ ಸುತ್ತು ಮುಗಿಯುವಷ್ಟರಲ್ಲಿ
ಎಲ್ಲ ಕಾರುಗಳೂ ಒಂದೇ ಬಣ್ಣ.
ಐವತ್ತೆಂಟರ ಮೇಲೆ, ಹದಿನಾರು ಪಾಸಿನ ಮೇಲೆ,
ಹೆಸರಿನ ಮೇಲೆ, ಕೆಂಪು ಪುಡಿ.
“ನಮ್ಮದು ಯಾವುದೋ?” ಅಂತ ಅಕ್ಕ ಕೇಳಿದಳು.
ಎಂಜಿನ್ ಸದ್ದಿಗೆ ಕಿವಿಗೊಟ್ಟವನಂತೆ ನಿಂತು
ಸುಳ್ಳೇ ಒಂದನ್ನು ತೋರಿಸಿದೆ.

ಐದನೆಯವನಾಗಿ ಬಂದ. ಟೈರುಗೋಡೆಗೆ ಉಜ್ಜಿ
ಎಡಬಾಗಿಲ ಫಿಲ್ಮು ಈರುಳ್ಳಿ ಸಿಪ್ಪೆಯಂತೆ ಎದ್ದಿತ್ತು.
ಅಕ್ಕ ಬಾಟಲಿ ನೀರು ಸುರಿದು
ಚೀಲದಲ್ಲಿದ್ದ ಅದೇ ಜೀನ್ಸ್ ತುಂಡಿನಿಂದ ಬಂಪರು ಒರೆಸಿದಳು.
ಗೇಣುದ್ದ ನೀಲಿ ಹೊರಬಂತು.
ಪಕ್ಕಕ್ಕೆ ಹಿಡಿದು ನೋಡೋಣವೆಂದರೆ
ಅವಳ ಕೈಯಲ್ಲಿನ ತುಂಡು ಈಗ ಕೆಂಪು.

“ಫೈಲು ಅಳಿಸಬ್ಯಾಡ” ಅಂದಳು. ಆಮೇಲೆ, ಆಟೋ ಹತ್ತುವಾಗ,
“ಬಾಗಿಲಿಗೂ ದುಬಾರಿಯದೇ ಹಾಕಿದರೆ ಎಷ್ಟಾಗತೈತೆ?”